ಪುಷ್ಯ ಮಳೆಯಲ್ಲಿ ಕ್ಯಾಮೆರಾ: ಜೋಗದ ಎದುರು, ಆಮೇಲೆ ಮನೆಯಲ್ಲಿ

ಜುಲೈ ಬಂತೆಂದರೆ ಮಲೆನಾಡಿನ ಫೋಟೊಗಳ ಹೊಳೆಯೇ ಹರಿಯುತ್ತದೆ. ಜೋಗ, ಆಗುಂಬೆ, ಕುದುರೆಮುಖ, ಹಸಿರು ಗದ್ದೆ, ಮಂಜು ಮುಚ್ಚಿದ ತೋಟ. ಅದರ ಹಿಂದೆಯೇ ಪ್ರಶ್ನೆಗಳೂ ಬರುತ್ತವೆ: ಲೆನ್ಸಿನ ಮೇಲೆ ಮಂಜು ಕಟ್ಟಿ ಚಿತ್ರವೆಲ್ಲ ಹಾಲಿನಂತಾಗಿದೆ, ಏನು ಮಾಡಲಿ? ದೀಪಾವಳಿಗೆ ಲೆನ್ಸ್ ಹೊರತೆಗೆದರೆ ಒಳಗೆ ಬೂಷ್ಟು ಹಿಡಿದಿದೆ, ಹೋಗುತ್ತದೆಯೇ? ಇದನ್ನೆಲ್ಲ ಕೇಳಿ ಮಳೆಗಾಲ ಮುಗಿಯುವ ತನಕ ಕ್ಯಾಮೆರಾ ಮುಟ್ಟದವರೂ ಇದ್ದಾರೆ. ಅದು ತಪ್ಪು ಲೆಕ್ಕ. ಮೇಲಿಂದ ಬೀಳುವ ಹನಿಯನ್ನು ಒಂದು ಪ್ಲಾಸ್ಟಿಕ್ ಕವರ್ ತಡೆಯುತ್ತದೆ. ಕ್ಯಾಮೆರಾಕ್ಕೆ ನಿಜವಾದ ಏಟು ಬೀಳುವುದು ಎರಡು ಹೊತ್ತಿನಲ್ಲಿ: ಎ.ಸಿ. ಕಾರಿನಿಂದ ಇಳಿದಾಗ, ಮತ್ತು ಮನೆಗೆ ಬಂದು ಒದ್ದೆ ಚೀಲವನ್ನು ಹಾಗೇ ಬೀರುವಿಗೆ ಸೇರಿಸಿದಾಗ. ಈ ಎರಡನ್ನು ಸರಿಮಾಡಿಕೊಂಡರೆ ಪುಷ್ಯ, ಆಶ್ಲೇಷ ಮಳೆಯಲ್ಲೂ ನಿಶ್ಚಿಂತೆಯಿಂದ ಕೆಲಸ ಮಾಡಬಹುದು.

ಮೊದಲು ಕಾರಿನ ವಿಷಯ. ಹೊರಗೆ 24 ಡಿಗ್ರಿ, ತೇವಾಂಶ ಶೇ 95 ಎಂದಿಟ್ಟುಕೊಳ್ಳಿ. ಮಲೆನಾಡಿನ ಮಳೆಗಾಲಕ್ಕೆ ಇದು ಸಾಮಾನ್ಯ. ಆ ಗಾಳಿಯಲ್ಲಿರುವ ನೀರಿನ ಆವಿ ಸುಮಾರು 23 ಡಿಗ್ರಿಗಿಂತ ತಣ್ಣಗಿರುವ ಯಾವ ವಸ್ತು ಸಿಕ್ಕಿದರೂ ಅದರ ಮೇಲೆ ಹನಿಯಾಗಿ ಕೂರುತ್ತದೆ. ಕಾರಿನೊಳಗೆ ಎ.ಸಿ. 20ರಲ್ಲಿ ಓಡಿದ್ದರೆ ಕ್ಯಾಮೆರಾದ ಲೋಹ, ಗಾಜು ಎಲ್ಲವೂ 20ಕ್ಕೆ ಇಳಿದಿರುತ್ತವೆ. ಬಾಗಿಲು ತೆರೆದು ಕ್ಯಾಮೆರಾ ಹೊರತೆಗೆದ ಕ್ಷಣದಲ್ಲೇ ಲೆನ್ಸ್ ಬೆಳ್ಳಗಾಗುತ್ತದೆ. ಒರೆಸಿದರೆ ಮತ್ತೆ ಬರುತ್ತದೆ, ಏಕೆಂದರೆ ಗಾಜು ಇನ್ನೂ ತಣ್ಣಗೇ ಇದೆ. ಆ ಹೊತ್ತಿಗೆ ಲೆನ್ಸ್ ಬದಲಿಸಿದರಂತೂ ಮಂಜು ಹಿಂಬದಿಯ ಗಾಜಿಗೂ ಸೆನ್ಸರಿಗೂ ಇಳಿಯುತ್ತದೆ.

ಜಾಗ ತಲುಪಲು 20 ನಿಮಿಷ ಇರುವಾಗಲೇ ಎ.ಸಿ. ಆರಿಸಿ, ಕಿಟಕಿ ಒಂದು ಬೆರಳಷ್ಟು ಇಳಿಸಿ. ಇಳಿದ ಮೇಲೆ ಚೀಲದ ಜಿಪ್ ತೆರೆಯದೆ ಅರ್ಧ ಗಂಟೆ ಹಾಗೇ ಬಿಡಿ, ಚೀಲದೊಳಗೇ ಕ್ಯಾಮೆರಾ ನಿಧಾನವಾಗಿ ಬೆಚ್ಚಗಾಗಲಿ. ಆ ಹೊತ್ತಿಗೆ ಟೀ ಕುಡಿದು, ಜಾಗ ನೋಡಿಟ್ಟುಕೊಳ್ಳಬಹುದು. ಹೋಂಸ್ಟೇ ಕೋಣೆಗೂ ಇದೇ ನಿಯಮ: ಕ್ಯಾಮೆರಾ ಇರುವ ಕೋಣೆಯಲ್ಲಿ ರಾತ್ರಿ ಎ.ಸಿ. ಬೇಡ. ಬೆಂಗಳೂರಿನಿಂದ ತಾಳಗುಪ್ಪದ ರೈಲಿನಲ್ಲಿ ಸ್ಲೀಪರ್ ಬೋಗಿಯಲ್ಲಿ ಬರುವವರಿಗೆ ಈ ತೊಂದರೆಯೇ ಇಲ್ಲ. ರಾತ್ರಿಯಿಡೀ ಹೊರಗಿನ ಗಾಳಿಯಲ್ಲೇ ಬಂದ ಕ್ಯಾಮೆರಾ ಇಳಿದೊಡನೆ ಕೆಲಸಕ್ಕೆ ಸಿದ್ಧವಾಗಿರುತ್ತದೆ.

ಇನ್ನು ಜೋಗ. ಶರಾವತಿ ಇಲ್ಲಿ 253 ಮೀಟರ್ ಧುಮುಕುತ್ತದೆ, ರಾಜ, ರಾಣಿ, ರೋರರ್, ರಾಕೆಟ್ ಎಂಬ ನಾಲ್ಕು ಕವಲಾಗಿ. ಆದರೆ ಆ ದಿನ ಎಷ್ಟು ನೀರು ಬೀಳುತ್ತದೆ ಎನ್ನುವುದು ಜೋಗದಲ್ಲಿ ಬೀಳುವ ಮಳೆಯ ಜೊತೆಗೆ ಮೇಲಿನ ಲಿಂಗನಮಕ್ಕಿ ಅಣೆಕಟ್ಟನ್ನೂ ಅವಲಂಬಿಸಿದೆ. ಆ ಜಲಾಶಯದ ಗರಿಷ್ಠ ಮಟ್ಟ 1819 ಅಡಿ. ಮಳೆಗಾಲದಲ್ಲಿ ದಿನದ ಮಟ್ಟ, ಒಳಹರಿವು ಪತ್ರಿಕೆಗಳಲ್ಲಿ ಬರುತ್ತದೆ, ಹೊರಡುವ ಮೊದಲು ನೋಡಿಕೊಳ್ಳಿ. ಮಟ್ಟ ಇನ್ನೂ ಕೆಳಗಿದ್ದರೆ ಜಲಪಾತಕ್ಕೆ ಬರುವುದು ಅಣೆಕಟ್ಟಿನ ಕೆಳಗಿನ ಕಾಡಿನಲ್ಲಿ ಬಿದ್ದ ಮಳೆಯ ನೀರು ಮಾತ್ರ. ನಾಲ್ಕು ಕವಲೂ ಬಿಡಿಬಿಡಿಯಾಗಿ, ಬೆಳ್ಳಗೆ ಕಾಣುವುದು ಆಗಲೇ. ಗೇಟು ತೆರೆದ ದಿನ ಜನ ಮುಗಿಬೀಳುತ್ತಾರೆ, ನೋಡಲು ಅದು ರುದ್ರರಮಣೀಯವೇ. ಫೋಟೊಕ್ಕೆ ಮಾತ್ರ ಕಷ್ಟ. ನಾಲ್ಕೂ ಒಂದಾಗಿ ಕೆಮ್ಮಣ್ಣಿನ ನೀರು ಬೀಳುತ್ತದೆ, ಕಣಿವೆಯಿಂದೆದ್ದ ತುಂತುರು ಎಲ್ಲವನ್ನೂ ಮುಚ್ಚುತ್ತದೆ. ಅಂಥ ದಿನ ಶಟರ್ ನಿಧಾನ ಮಾಡಿದರೆ ಚಹಾ ಸುರಿದ ಹಾಗೆ ಕಾಣುತ್ತದೆ. ಅಂದು 1/500 ಅಥವಾ 1/1000 ಸೆಕೆಂಡ್ ಇಟ್ಟು, 70-200 ಮಿ.ಮೀ.ನಂಥ ದೂರದ ಲೆನ್ಸಿನಲ್ಲಿ ನೀರು ಬಂಡೆಗೆ ಅಪ್ಪಳಿಸಿ ಒಡೆಯುವ ಜಾಗವನ್ನಷ್ಟೇ ಹಿಡಿಯುವುದು ಲೇಸು.

ಮಂಜು ಸರಿಯುವ ತನಕ ಕಾಯಲೇಬೇಕು. ಐದು ನಿಮಿಷ ಏನೂ ಕಾಣದು, ಆಮೇಲೆ ಗಾಳಿ ತಿರುಗಿ ಅರ್ಧ ನಿಮಿಷ ರಾಜ ಪೂರ್ತಿ ಕಾಣುತ್ತದೆ, ಮತ್ತೆ ಮುಚ್ಚುತ್ತದೆ. ಆ ಅರ್ಧ ನಿಮಿಷದಲ್ಲಿ ಸೆಟ್ಟಿಂಗ್ ಹುಡುಕುತ್ತ ಕುಳಿತರೆ ಆಗದು. ಟ್ರೈಪಾಡ್ ಮೇಲೆ ಚೌಕಟ್ಟು ಕೂರಿಸಿ, ಒಮ್ಮೆ ತೆರವಾದಾಗ ಫೋಕಸ್ ಹಿಡಿದು ಮ್ಯಾನ್ಯುವಲ್‌ಗೆ ತಿರುಗಿಸಿ ಬಿಟ್ಟಿರಿ. ಆಟೊ ಫೋಕಸ್ ಮಂಜಿನಲ್ಲಿ ಹಿಂದೆ ಮುಂದೆ ಓಡಾಡುತ್ತಲೇ ಇರುತ್ತದೆ.

ಎಕ್ಸ್‌ಪೋಶರ್‌ನಲ್ಲಿ ಹೆಚ್ಚಿನವರು ಎಡವುವ ಜಾಗ ಒಂದಿದೆ. ಮಂಜಿಗೆ ಒಂದು ಸ್ಟಾಪ್ ಹೆಚ್ಚು (ಎಂದರೆ ಎರಡು ಪಟ್ಟು ಬೆಳಕು) ಕೊಡಿ ಎಂಬ ಮಾತು ಸರಿ. ಕ್ಯಾಮೆರಾದ ಬೆಳಕು ಅಳೆಯುವ ಮೀಟರ್ ಬಿಳಿಯನ್ನು ಕಂಡರೆ ಬೂದು ಮಾಡುತ್ತದೆ, ಆದ್ದರಿಂದ ಬರೀ ಮಂಜು, ತೋಟ, ದಾರಿ ಇರುವ ಚಿತ್ರಕ್ಕೆ +0.7ರಿಂದ +1 ಬೇಕು. ಆದರೆ ಜೋಗದ ಎದುರು ಅದೇ +1 ಇಟ್ಟರೆ ನೀರಿನ ಬಿಳಿ ಸುಟ್ಟುಹೋಗುತ್ತದೆ. ಅಲ್ಲಿ ಚೌಕಟ್ಟಿನ ಬಹುಪಾಲು ಒದ್ದೆಯಾದ ಕಪ್ಪು ಬಂಡೆ, ಕಡುಹಸಿರು. ಅದನ್ನು ಕಂಡು ಮೀಟರ್ ಮೊದಲೇ ಹೆಚ್ಚು ಬೆಳಕು ಕೊಟ್ಟಿರುತ್ತದೆ. ಒಂದೇ ಜಾಗದಲ್ಲಿ ಹತ್ತು ನಿಮಿಷದೊಳಗೆ ಎರಡೂ ಬಗೆಯ ಚೌಕಟ್ಟು ಬರುವುದರಿಂದ ಒಂದು ಅಂಕಿ ಬಾಯಿಪಾಠ ಮಾಡಿ ಪ್ರಯೋಜನವಿಲ್ಲ. ಮ್ಯಾನ್ಯುವಲ್ ಮೋಡ್, ಸ್ಪಾಟ್ ಮೀಟರಿಂಗ್ (ಒಂದು ಚಿಕ್ಕ ಭಾಗದ ಬೆಳಕನ್ನಷ್ಟೇ ಅಳೆಯುವುದು), ನೀರಿನ ಅತಿ ಬಿಳಿಯಾದ ಭಾಗಕ್ಕೆ ಗುರಿಯಿಟ್ಟು ಅದು +1.5ರಿಂದ +2ರಲ್ಲಿ ನಿಲ್ಲುವಂತೆ ಮಾಡುವುದು ನಂಬಬಹುದಾದ ದಾರಿ. ಬಂಡೆ ಕಪ್ಪಾಗಿ ಕಂಡರೂ ಚಿಂತೆಯಿಲ್ಲ, ಸೆನ್ಸರಿನ ಮಾಹಿತಿಯನ್ನು ಹಾಗೇ ಉಳಿಸುವ ರಾ ಫೈಲಿನಲ್ಲಿ ಕತ್ತಲನ್ನು ಎತ್ತಬಹುದು. ಸುಟ್ಟ ಬಿಳಿಯಲ್ಲಿ ನೀರಿನ ಎಳೆಗಳನ್ನು ಮರಳಿ ತರಲಾಗದು. ವೈಟ್ ಬ್ಯಾಲೆನ್ಸ್ 6000ರಿಂದ 6500 ಕೆಲ್ವಿನ್ ಇಟ್ಟರೆ ಮೋಡದ ನೀಲಿ ಛಾಯೆ ಇಳಿಯುತ್ತದೆ.

ಫಿಲ್ಟರ್ ವಿಷಯದಲ್ಲಿ ಹೊಸಬರು ದುಡ್ಡು ಹಾಕುವುದು ಬೆಳಕನ್ನು ಸಾವಿರ ಪಟ್ಟು ತಗ್ಗಿಸುವ ಕಪ್ಪು ಗಾಜಾದ ಎನ್‌ಡಿ 1000ಕ್ಕೆ. ಮಲೆನಾಡಿನ ಮಳೆಗಾಲದಲ್ಲಿ ಅದು ಚೀಲದಲ್ಲೇ ಉಳಿಯುತ್ತದೆ. ಲೆಕ್ಕ ನೋಡಿ. ದಟ್ಟ ಮೋಡದ ದಿನ ಐಎಸ್‌ಒ (ಸೆನ್ಸರಿನ ಬೆಳಕಿನ ಸಂವೇದನೆ) 100, ಎಫ್ (ಲೆನ್ಸಿನ ತೆರವಿನ ಅಂಕಿ) 11ಕ್ಕೆ ಶಟರ್ ಹೆಚ್ಚುಕಡಿಮೆ 1/15 ಬರುತ್ತದೆ. ಹೊಳಪು ಕಳೆಯುವ ಸಿಪಿಎಲ್ (ಪೋಲರೈಸರ್) ಫಿಲ್ಟರ್ ಹಾಕಿದರೆ ಒಂದೂವರೆ ಸ್ಟಾಪ್ ಕಳೆದು 1/5. ಅದರ ಮೇಲೆ ಎನ್‌ಡಿ 8, ಎಂದರೆ ಮೂರು ಸ್ಟಾಪ್, ಹಾಕಿದರೆ ಒಂದೂವರೆ ಸೆಕೆಂಡ್. ದೂರದಿಂದ ಕಾಣುವ ಜೋಗಕ್ಕೆ ಬೇಕಾದದ್ದು ಒಂದರಿಂದ ಎರಡು ಸೆಕೆಂಡ್, ಅಲ್ಲಿಗೆ ಮುಗಿಯಿತು. ಎನ್‌ಡಿ 1000 ಹಾಕಿದರೆ ಮೂರು ನಿಮಿಷ ದಾಟುತ್ತದೆ. ಅಷ್ಟರಲ್ಲಿ ಗಾಳಿಗೆ ಎಲೆಗಳೆಲ್ಲ ಕಲಸಿಹೋಗಿ, ಲೆನ್ಸಿನ ಮೇಲೆ ನೂರು ಹನಿ ಕೂತು, ನೀರು ಸುಣ್ಣ ಬಳಿದ ಗೋಡೆಯಂತಾಗಿರುತ್ತದೆ. ಹತ್ತಿರ ನಿಂತು ತೆಗೆಯುವ ಸಣ್ಣ ಅಬ್ಬಿಗಳಿಗೆ 1/4ರಿಂದ 1/2 ಸೆಕೆಂಡ್ ಸಾಕು. ನೀರು ನಯವಾಗುತ್ತದೆ, ಎಳೆಯೂ ಉಳಿಯುತ್ತದೆ. ಹತ್ತಿರದ ನೀರು ಚೌಕಟ್ಟಿನಲ್ಲಿ ಬೇಗ ಸಾಗುತ್ತದೆ, ದೂರದ್ದು ನಿಧಾನ, ವ್ಯತ್ಯಾಸಕ್ಕೆ ಅಷ್ಟೇ ಕಾರಣ. ಮರಗಳ ಅಡಿಯಲ್ಲಿ ಬೆಳಕು ಎಷ್ಟು ಕಡಿಮೆಯೆಂದರೆ ಎಫ್ 8ಕ್ಕೆ ಯಾವ ಫಿಲ್ಟರೂ ಇಲ್ಲದೆ 1/4 ಸಿಕ್ಕಿಬಿಡುತ್ತದೆ.

ಒಂದೇ ಫಿಲ್ಟರ್ ಕೊಳ್ಳುವುದಾದರೆ ಸಿಪಿಎಲ್ ಕೊಳ್ಳಿ. ಒದ್ದೆ ಎಲೆಯ ಮೇಲೆ ಆಕಾಶದ ಬಿಳಿ ಹೊಳಪು ಕೂತಿರುತ್ತದೆ. ರಿಂಗ್ ತಿರುಗಿಸುತ್ತ ಹೋದಂತೆ ಆ ಹೊಳಪು ಇಳಿದು ಎಲೆಯ ನಿಜವಾದ ಹಸಿರು, ಬಂಡೆಯ ಪಾಚಿ ಎದ್ದು ಬರುತ್ತವೆ. ಎಡಿಟಿಂಗ್‌ನಲ್ಲಿ ಎಷ್ಟು ಸ್ಯಾಚುರೇಶನ್ ಏರಿಸಿದರೂ ಇದು ಬಾರದು, ಏಕೆಂದರೆ ಹೊಳಪಿನ ಅಡಿಯ ಬಣ್ಣ ಫೈಲಿನಲ್ಲಿ ದಾಖಲಾಗಿಯೇ ಇರುವುದಿಲ್ಲ. ಎರಡು ಫಿಲ್ಟರ್ ಒಂದರ ಮೇಲೊಂದು ಹಾಕಿದಾಗ ನಡುವೆ ತೇವ ಸಿಕ್ಕಿಕೊಂಡು ಮಂಜು ಕಟ್ಟುವುದುಂಟು, ಆದ್ದರಿಂದ ಒಣಗಿದ ಜಾಗದಲ್ಲೇ ಜೋಡಿಸಿಕೊಂಡು ಹೊರಬನ್ನಿ. 18 ಮಿ.ಮೀ.ಗಿಂತ ಅಗಲದಲ್ಲಿ ಜೋಡಿ ಫಿಲ್ಟರಿನ ಅಂಚು ಮೂಲೆಗಳಲ್ಲಿ ಕಪ್ಪಾಗಿ ಕಾಣುತ್ತದೆ. ಥ್ರೆಡ್ ಕಚ್ಚಿಕೊಂಡರೆ ಬಲ ಹಾಕಿ ಹಿಸುಕಬೇಡಿ, ರಿಂಗ್ ಸೊಟ್ಟಗಾಗಿ ಇನ್ನಷ್ಟು ಬಿಗಿಯುತ್ತದೆ. ಅಗಲವಾದ ರಬ್ಬರ್ ಬ್ಯಾಂಡ್ ಸುತ್ತಿ ಹಗುರವಾಗಿ ತಿರುಗಿಸಿದರೆ ಬಿಟ್ಟುಕೊಳ್ಳುತ್ತದೆ.

ಹನಿಗಳ ಕಾಟಕ್ಕೆ ಯಾವ ಉಪಕರಣವೂ ಪೂರ್ತಿ ಪರಿಹಾರವಲ್ಲ, ಕೈ ಪಳಗಬೇಕು. ಅಗಲ ಲೆನ್ಸಿನಲ್ಲಿ ಎಫ್ 16 ಇಟ್ಟಾಗ ಮುಂಗಾಜಿನ ಒಂದೇ ಒಂದು ಹನಿ ಚಿತ್ರದಲ್ಲಿ ನಾಣ್ಯದಷ್ಟು ಕಲೆಯಾಗಿ ಮೂಡುತ್ತದೆ. ಅದೇ ಹನಿ 70 ಮಿ.ಮೀ., ಎಫ್ 5.6ರಲ್ಲಿ ಕಾಣುವುದೇ ಕಷ್ಟ. ಹಾಗಾಗಿ ತುಂತುರು ಎದುರಿಗೇ ಬರುತ್ತಿದ್ದರೆ ಎಫ್ 8ರಲ್ಲಿ ನಿಲ್ಲಿಸಿ, ಬೇಕಿದ್ದರೆ ಎನ್‌ಡಿಯಿಂದ ಬೆಳಕು ಇಳಿಸಿ. ಒರೆಸುವ ಕ್ರಮ ಹೀಗೆ: ಟೈಮರ್ 2 ಸೆಕೆಂಡಿಗೆ ಇಟ್ಟಿರಿ. ಕೊಡೆ ಲೆನ್ಸಿನ ಮುಂದಕ್ಕೆ ಬಾಗಿಸಿ. ಬ್ಲೋವರ್‌ನಿಂದ ದೊಡ್ಡ ಹನಿಗಳನ್ನು ಊದಿ ಹಾರಿಸಿ. ಒಣ ಬಟ್ಟೆಯನ್ನು ಗಾಜಿನ ಮೇಲೆ ಒತ್ತಿ ತೆಗೆಯಿರಿ, ಮೊದಲೇ ಉಜ್ಜಬೇಡಿ. ಆಮೇಲೆ ನಡುವಿನಿಂದ ಅಂಚಿನ ಕಡೆಗೆ ಒಂದು ಸುತ್ತು. ಶಟರ್ ಒತ್ತಿ, ಎಣಿಕೆ ಮುಗಿಯುವ ಹೊತ್ತಿಗೆ ಕೊಡೆ ಎತ್ತಿ. ಮೈಕ್ರೊಫೈಬರ್ ಬಟ್ಟೆ ಒಮ್ಮೆ ನೆನೆದರೆ ನೀರನ್ನು ಹೀರುವುದು ಬಿಟ್ಟು ಬಳಿಯತೊಡಗುತ್ತದೆ. ನಾಲ್ಕೈದು ತುಂಡು ಬೇಕು, ಜಿಪ್ ಕವರಿನಲ್ಲಿ ಒಣಗಿರಬೇಕು. ಕ್ಯಾಮೆರಾದ ಮೈ ಒರೆಸಲು ಹಳೆಯ, ಹತ್ತು ಸಲ ಒಗೆದ ಹತ್ತಿಯ ಬೈರಾಸಿಗಿಂತ ಒಳ್ಳೆಯದು ಅಂಗಡಿಯಲ್ಲಿ ಸಿಗದು.

ವೆದರ್ ಸೀಲಿಂಗ್ (ನೀರು, ಧೂಳು ಒಳಹೋಗದ ಕಟ್ಟು) ಎಂಬ ಮಾತಿಗೆ ಎಲ್ಲ ಕಂಪನಿಗಳಲ್ಲೂ ಒಂದೇ ಅರ್ಥವಿಲ್ಲ. ಓಎಂ ಸಿಸ್ಟಮ್ ಕಂಪನಿ ತನ್ನ ಓಎಂ-1 ಕ್ಯಾಮೆರಾಕ್ಕೆ ಐಪಿ53 (ಧೂಳು, ನೀರಿನ ತಡೆಯ ಅಂಕಿ) ಎಂದು ಅಳತೆ ಹೇಳಿದೆ. ಹೆಚ್ಚಿನ ಕ್ಯಾಮೆರಾಗಳಿಗೆ ಅಂಥ ಅಂಕಿಯೇ ಇಲ್ಲ. ಕ್ಯಾಮೆರಾದ ಬಾಡಿಯಲ್ಲಿ ಸೀಲ್ ಇದ್ದು ಅದರ ಜೊತೆ ಬರುವ ಕಿಟ್ ಲೆನ್ಸಿಗೆ ಇಲ್ಲದಿದ್ದರೆ ಸೀಲ್ ಇಲ್ಲದ ಲೆಕ್ಕವೇ. ಲೆನ್ಸಿನ ಮೌಂಟ್ ಸುತ್ತ ತೆಳು ರಬ್ಬರ್ ಉಂಗುರ ಇದೆಯೇ ನೋಡಿ. ಇನ್ನೊಂದು ಮುಖ್ಯ ಮಾತು: 18-55, 18-135ರಂಥ ಲೆನ್ಸುಗಳು ಝೂಮ್ ಮಾಡಿದಾಗ ಉದ್ದವಾಗುತ್ತವೆ. ಹೊರಬಂದ ಕೊಳವೆಯ ಮೇಲೆ ನೀರು ಕೂತು, ಹಿಂದಕ್ಕೆ ತಿರುಗಿಸಿದಾಗ ಒಳಗೆ ಹೋಗುತ್ತದೆ. ಪಿಚಕಾರಿಯ ಹಾಗೆ ಗಾಳಿಯನ್ನೂ ಎಳೆದುಕೊಳ್ಳುತ್ತದೆ. ಮಳೆಯಲ್ಲಿ ಒಂದು ಫೋಕಲ್ ಲೆಂಗ್ತ್ ಆರಿಸಿ ಅಲ್ಲೇ ಇರಿ, ಝೂಮ್ ಮುಚ್ಚುವ ಮುನ್ನ ಕೊಳವೆ ಒರೆಸಿ. ಕವರಿಗೆ ಸಾವಿರಾರು ರೂಪಾಯಿ ಬೇಡ. ದಪ್ಪ ಪ್ಲಾಸ್ಟಿಕ್ ಚೀಲಕ್ಕೆ ಲೆನ್ಸ್ ಹುಡ್‌ನಷ್ಟು ತೂತು ಕೊರೆದು, ಹುಡ್‌ ಮೇಲೆ ರಬ್ಬರ್ ಬ್ಯಾಂಡ್ ಹಾಕಿದರೆ ಸಾಕು. ಫ್ಲ್ಯಾಶ್ ಕೂರಿಸುವ ಹಾಟ್ ಶೂಗೆ ಮುಚ್ಚಳ ಇರಲಿ. ನೀರು ಇಳಿಯಲು ಅದೂ ಒಂದು ದಾರಿ, ಬಹಳ ಜನ ಅದನ್ನು ಮರೆಯುತ್ತಾರೆ.

ಟ್ರೈಪಾಡ್‌ನ ನಡುಗಂಬ ಎತ್ತಬೇಡಿ. ಗಾಳಿಯಲ್ಲಿ ಅದಕ್ಕೆ ಚೀಲ ತೂಗುಹಾಕಿದರೆ ಚೀಲವೇ ಜೋಕಾಲಿಯಾಡಿ ಕ್ಯಾಮೆರಾ ಅಲುಗಾಡುತ್ತದೆ. ಚೀಲದ ತಳ ನೆಲಕ್ಕೆ ತಾಗುವಷ್ಟು ಇಳಿಬಿಡಿ. ಪಾಚಿ ಕಟ್ಟಿದ ಬಂಡೆಯ ಮೇಲೆ ಟ್ರೈಪಾಡ್ ಜಾರುವ ಮೊದಲು ಜಾರುವುದು ಕಾಲು. ತಡೆಬೇಲಿ ದಾಟಿದ ಚಿತ್ರ ಯಾವುದೂ ಅಷ್ಟು ಬೆಲೆಬಾಳದು. ನೀರು ಮೇಲಿನ ಕಾಡಿನಲ್ಲಿ ಬಿದ್ದ ಮಳೆಗೆ ಏರುತ್ತದೆ, ನೀವು ನಿಂತಲ್ಲಿ ಬಿಸಿಲಿದ್ದರೂ ಏರುತ್ತದೆ.

ಫೋನಿನಲ್ಲಿ ತೆಗೆಯುವವರಿಗೆ ಒಂದು ಮಾತು. ಪರದೆ ಒದ್ದೆಯಾದರೆ ಟಚ್ ಕೆಲಸ ಮಾಡದು, ವಾಲ್ಯೂಮ್ ಗುಂಡಿಯಿಂದ ಶಟರ್ ಒತ್ತಿ. ಐಪಿ68 ಇದ್ದರೂ ಚಾರ್ಜಿಂಗ್ ತೂತು ಒಣಗುವ ತನಕ ಕೇಬಲ್ ಚುಚ್ಚಬೇಡಿ.

ಆಗುಂಬೆ ಕಡೆ ರಾತ್ರಿ ಕಪ್ಪೆ ಹುಡುಕಿ ಹೋಗುವವರಿಗೆ ಮ್ಯಾಕ್ರೊ ಲೆನ್ಸ್, ಫ್ಲ್ಯಾಶ್, ಅದರ ಮುಂದೆ ಬೆಳಕನ್ನು ಮೃದುವಾಗಿ ಹರಡುವ ಅಗಲವಾದ ಡಿಫ್ಯೂಸರ್ ಬೇಕು. 1/160, ಎಫ್ 11, ಐಎಸ್‌ಒ 200ರಿಂದ 400, ಫ್ಲ್ಯಾಶ್ 1/8 ಬಲದಿಂದ ಶುರುಮಾಡಿ. ಕಪ್ಪೆಯ ಒದ್ದೆ ಚರ್ಮ ಕನ್ನಡಿಯಂತೆ ಹೊಳೆಯುವುದರಿಂದ ಡಿಫ್ಯೂಸರ್ ಇಲ್ಲದಿದ್ದರೆ ಬಿಳಿ ಚುಕ್ಕೆಗಳೇ ಕಾಣುತ್ತವೆ. ಕಪ್ಪೆಯನ್ನು ಹಿಡಿದು ಬೇರೆ ಎಲೆಯ ಮೇಲೆ ಕೂರಿಸುವುದು ಖಂಡಿತ ಬೇಡ. ಅದು ಉಸಿರಾಡುವುದು ಚರ್ಮದಿಂದಲೂ. ಕೈಗೆ ಹಚ್ಚಿದ ಸೊಳ್ಳೆ ಔಷಧಿ ಅದಕ್ಕೆ ವಿಷ. ಅದೇ ಔಷಧಿಯಲ್ಲಿ ಡೀಟ್ ಎಂಬ ರಾಸಾಯನಿಕ ಇದ್ದರೆ ಕ್ಯಾಮೆರಾದ ಪ್ಲಾಸ್ಟಿಕ್ಕು, ರಬ್ಬರ್ ಹಿಡಿಕೆಗಳೂ ಕರಗಿ ಅಂಟಂಟಾಗುತ್ತವೆ. ಇಂಬಳಕ್ಕೆ ಉದ್ದ ಕಾಲುಚೀಲ ಹಾಕಿ, ಮೇಲಿಂದ ಹೊಗೆಸೊಪ್ಪಿನ ನೀರು ಸವರಿಕೊಂಡರೆ ಆಯಿತು, ಕೈ ಶುದ್ಧವಾಗಿರಲಿ.

ಮರಳಿ ಬಂದ ರಾತ್ರಿಯ ಕೆಲಸವೇ ಎಲ್ಲಕ್ಕಿಂತ ಮುಖ್ಯ. ಎಷ್ಟೇ ದಣಿದಿದ್ದರೂ ಚೀಲದಿಂದ ಎಲ್ಲವನ್ನೂ ಹೊರತೆಗೆಯಿರಿ. ಬ್ಯಾಟರಿ, ಕಾರ್ಡ್ ಬೇರೆ. ಫಿಲ್ಟರ್ ಬಿಚ್ಚಿ, ಹುಡ್ ಬಿಚ್ಚಿ, ಲೆನ್ಸಿನ ಎರಡೂ ಮುಚ್ಚಳ ಒಣಗಿಸಿ. ಕ್ಯಾಮೆರಾದ ಮೈ ಒರೆಸಿ ಫ್ಯಾನಿನ ಕೆಳಗೆ ನಾಲ್ಕೈದು ಗಂಟೆ ಇಡಿ. ಟ್ರೈಪಾಡ್‌ನ ಕಾಲುಗಳನ್ನು ಪೂರ್ತಿ ಎಳೆದು ನಿಲ್ಲಿಸಿ. ನೀರು ಒಳಗೇ ಹೋದ ಅನುಮಾನವಿದ್ದರೆ ಆನ್ ಮಾಡಿ ಪರೀಕ್ಷಿಸಬೇಡಿ. ಕೆಡುವುದು ಆಗಲೇ, ಒದ್ದೆ ಸರ್ಕ್ಯೂಟಿನಲ್ಲಿ ವಿದ್ಯುತ್ ಹರಿದಾಗ. ಬ್ಯಾಟರಿ ತೆಗೆದು, ಅಲ್ಲಾಡಿಸದೆ, ಎರಡು ದಿನ ತೇವ ಹೀರುವ ಸಿಲಿಕಾ ಜೆಲ್ ಹರಳಿನ ಡಬ್ಬಿಯಲ್ಲಿಡಿ. ಅಕ್ಕಿಯಲ್ಲಿ ಹೂಳುವುದು ಬೇಡ, ಹೀರುವುದಕ್ಕಿಂತ ಹಿಟ್ಟಿನ ಧೂಳು ಸೇರುವುದೇ ಹೆಚ್ಚು. ಹೇರ್ ಡ್ರೈಯರ್‌ನ ಬಿಸಿಗಾಳಿಯೂ ಬೇಡ. ಜೋಗದಿಂದ ಹೊನ್ನಾವರ, ಮುರುಡೇಶ್ವರಕ್ಕೆ ಇಳಿದಿದ್ದರೆ ಮೊದಲು ಸಿಹಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರೆಸಿ. ಸಮುದ್ರದ ತುಂತುರು ಒಣಗಿದ ಮೇಲೂ ಉಪ್ಪು ಉಳಿದು ಲೋಹ ತಿನ್ನುತ್ತದೆ.

ಬೂಷ್ಟಿಗೆ ಬೇಕಾದದ್ದು ತೇವ, ಕತ್ತಲೆ, ಅಲುಗದ ಗಾಳಿ. ಬೀರು ಮೂರನ್ನೂ ಕೊಡುತ್ತದೆ. ತೇವಾಂಶ ಶೇ 60 ದಾಟಿ ವಾರಗಟ್ಟಲೆ ನಿಂತರೆ ಗಾಜಿನ ಮೇಲೆ ಬೇರು ಬಿಡತೊಡಗುತ್ತದೆ, ಅದು ಒಸರುವ ಆಮ್ಲ ಲೆನ್ಸಿನ ಲೇಪವನ್ನು ತಿನ್ನುತ್ತದೆ. ಉಪಾಯ ಹಪ್ಪಳದ ಡಬ್ಬಿಯದ್ದೇ. ರಬ್ಬರ್ ಅಂಚಿರುವ, ಗಾಳಿಯಾಡದ 15-20 ಲೀಟರ್ ಪ್ಲಾಸ್ಟಿಕ್ ಡಬ್ಬ, 200 ಗ್ರಾಂ ಸಿಲಿಕಾ ಜೆಲ್, ತೇವಾಂಶ ಅಳೆಯುವ ಒಂದು ಸಣ್ಣ ಡಿಜಿಟಲ್ ಹೈಗ್ರೊಮೀಟರ್. ಅಂಕಿ 40ರಿಂದ 50ರೊಳಗೆ ನಿಲ್ಲಲಿ. 30ಕ್ಕಿಂತ ಕೆಳಗೆ ತಿಂಗಳುಗಟ್ಟಲೆ ಇಟ್ಟರೆ ರಬ್ಬರ್, ಗ್ರೀಸು ಒಣಗುತ್ತವೆ.

ಜೆಲ್ ಹಾಕಿದರೂ ಅಂಕಿ ಇಳಿಯುತ್ತಿಲ್ಲ ಎಂಬ ದೂರು ಸಾಮಾನ್ಯ. ಕಾರಣ ಡಬ್ಬದ ಗಾಳಿಯಲ್ಲಿಲ್ಲ. 20 ಲೀಟರ್ ಗಾಳಿಯಲ್ಲಿ ಅರ್ಧ ಗ್ರಾಂ ನೀರೂ ಇರುವುದಿಲ್ಲ, ಅದನ್ನು ಜೆಲ್ ಬೇಗನೇ ಕುಡಿಯುತ್ತದೆ. ನೀರು ಇರುವುದು ಕ್ಯಾಮೆರಾದ ಬಟ್ಟೆಯ ಪಟ್ಟಿಯಲ್ಲಿ, ಲೆನ್ಸಿನ ಚರ್ಮದ ಚೀಲದಲ್ಲಿ, ಸ್ಪಂಜಿನಲ್ಲಿ. ಪಟ್ಟಿ ಬಿಚ್ಚಿಡಿ, ಚೀಲಗಳನ್ನು ಹೊರಗಿಡಿ, ಮಾರನೆಯ ದಿನವೇ ಅಂಕಿ ಇಳಿಯುತ್ತದೆ. ಕಿತ್ತಳೆ ಬಣ್ಣದ ಹರಳು ಹಸಿರಿಗೆ ತಿರುಗಿದಾಗ ಓವನ್ನಿನಲ್ಲಿ 110-120 ಡಿಗ್ರಿಗೆ ಎರಡು ಗಂಟೆ ಕಾಯಿಸಿದರೆ ಮತ್ತೆ ಹೊಸದಾಗುತ್ತದೆ. ನೀಲಿ ಹರಳಿನಲ್ಲಿ ಕೋಬಾಲ್ಟ್ ಕ್ಲೋರೈಡ್ ಇರುತ್ತದೆ, ಅದು ವಿಷ, ಅಡುಗೆಯ ಪಾತ್ರೆಗೆ ತಾಗಿಸಬೇಡಿ.

ಹಿಂದೆ ಬೀರುವಿನಲ್ಲಿ 15 ವ್ಯಾಟ್ ಬಲ್ಬ್ ಉರಿಸಿಡುತ್ತಿದ್ದರು. ಅದರಲ್ಲಿ ವಿಜ್ಞಾನವಿದೆ: 24 ಡಿಗ್ರಿಯ, ಶೇ 90 ತೇವದ ಗಾಳಿಯನ್ನು 29ಕ್ಕೆ ಕಾಯಿಸಿದರೆ ತೇವಾಂಶ ಶೇ 67ಕ್ಕೆ ಇಳಿಯುತ್ತದೆ. ಈಗಿನ ಎಲ್‌ಇಡಿ ಅಷ್ಟು ಬಿಸಿ ಕೊಡದು, 67 ಸಾಲದು ಕೂಡ. ನಾಲ್ಕಕ್ಕಿಂತ ಹೆಚ್ಚು ಲೆನ್ಸ್ ಇರುವ ಮಲೆನಾಡು, ಕರಾವಳಿಯವರು ಒಳಗಿನ ತೇವಾಂಶವನ್ನು ತಾನೇ ಹಿಡಿದಿಡುವ ಎಲೆಕ್ಟ್ರಾನಿಕ್ ಡ್ರೈ ಕ್ಯಾಬಿನೆಟ್‌ಗೆ ದುಡ್ಡು ಹಾಕುವುದು ಇನ್ನೊಂದು ಲೆನ್ಸ್ ಕೊಳ್ಳುವುದಕ್ಕಿಂತ ಬುದ್ಧಿವಂತಿಕೆ.

ತಿಂಗಳಿಗೊಮ್ಮೆ ಕತ್ತಲೆ ಕೋಣೆಯಲ್ಲಿ ಲೆನ್ಸ್ ಪರೀಕ್ಷಿಸಿ. ಅಪರ್ಚರ್ ಪೂರ್ತಿ ತೆರೆದು, ಹಿಂಬದಿಯಿಂದ ಟಾರ್ಚ್ ಓರೆಯಾಗಿ ಹಿಡಿದು, ಮುಂದಿನಿಂದ ನೋಡಿ. ಧೂಳು ಚುಕ್ಕೆಯಾಗಿ ಕಾಣುತ್ತದೆ, ಅದಕ್ಕೆ ತಲೆಕೆಡಿಸಿಕೊಳ್ಳಬೇಡಿ. ಬೂಷ್ಟು ಅಂಚಿನಿಂದ ಹೊರಟು ನಡುವಿಗೆ ಕವಲೊಡೆಯುವ ಜೇಡರ ಬಲೆಯಂತೆ, ನರೆಗೂದಲಿನಷ್ಟು ತೆಳ್ಳಗೆ ಕಾಣುತ್ತದೆ. ಹೊರಗಾಜಿನ ಮೇಲಿದ್ದರೆ ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿದ ಲೆನ್ಸ್ ಟಿಶ್ಯೂನಿಂದ ತೆಗೆಯಬಹುದು. ಒಳಗಿದ್ದರೆ ಬಿಚ್ಚಲು ಹೋಗದೆ ರಿಪೇರಿ ಬಲ್ಲವರಿಗೆ ಕೊಡಿ, ಬೇಗ ಕೊಟ್ಟಷ್ಟೂ ಲೇಪ ಉಳಿಯುತ್ತದೆ. ಒಂದು ಲೆನ್ಸಿನಿಂದ ಇನ್ನೊಂದಕ್ಕೆ ಅಂಟುತ್ತದೆ ಎಂಬ ಭಯ ಅತಿಯಾದದ್ದು. ಬೂಷ್ಟಿನ ಬೀಜಕಣ ಎಲ್ಲ ಗಾಳಿಯಲ್ಲೂ ಇದೆ, ತೇವ ಸಿಕ್ಕಲ್ಲಿ ಮೊಳೆಯುತ್ತದೆ ಅಷ್ಟೇ. ಸ್ವಾತಿ ಮಳೆ ಕಳೆಯುವ ತನಕ ವಾರಕ್ಕೊಮ್ಮೆ ಹೈಗ್ರೊಮೀಟರ್ ನೋಡಿ. ಹೊರಗೆ ಹೊಳವಾದ ಮಧ್ಯಾಹ್ನ ಪ್ರತಿ ಲೆನ್ಸನ್ನೂ ಹೊರತೆಗೆದು ಹತ್ತಿಪ್ಪತ್ತು ಚಿತ್ರ ತೆಗೆಯಿರಿ, ಅಂಗಳದ ಡೇರೆ ಹೂವಾದರೂ ಆಗಲಿ.